ಸಿಂಗಪುರದಿಂದ ನ್ಯೂಯಾರ್ಕ್ ಎಷ್ಟು ದೂರ? ಒಂದೊಂದು ಕಡೆ ಒಂದೊಂದು ಅಂಕಿ ಯಾಕೆ?

ಕಿಟಕಿ_ಸೀಟು

ಎಲ್ಲರಿಗೂ ನಮಸ್ಕಾರ. ಹೋದ ವಾರ ಸಿಂಗಪುರದಿಂದ ನ್ಯೂಯಾರ್ಕಿಗೆ ನೇರ ವಿಮಾನದಲ್ಲಿ ಬಂದೆ. ಹದಿನೆಂಟು ಗಂಟೆಯ ಪ್ರಯಾಣ. ನಿದ್ದೆ ಹತ್ತಲಿಲ್ಲ. ಎದುರಿನ ಪರದೆಯಲ್ಲಿ ಬರುವ ನಕ್ಷೆಯನ್ನೇ ನೋಡುತ್ತಾ ಕೂತಿದ್ದೆ. ಆಗ ಹುಟ್ಟಿದ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ.

ಸಿಂಗಪುರದ ಚಾಂಗಿ ನಿಲ್ದಾಣದಿಂದ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣ ಎಷ್ಟು ದೂರ ಅಂತ ಹುಡುಕಿದರೆ ಒಂದು ಕಡೆ 15,349 ಅಂತಿದೆ. ಇನ್ನೊಂದು ಕಡೆ 9,537. ಮತ್ತೊಂದು ಕಡೆ 8,288. ವಿಮಾನದ ಪರದೆಯಲ್ಲಿ ಸಾಗಿದ ದೂರ, ಉಳಿದ ದೂರ ಎರಡನ್ನೂ ಕೂಡಿಸಿ ನೋಡಿದೆ. ಅದು 16 ಸಾವಿರ ಕಿ.ಮೀ. ದಾಟಿತು.

ದಾರಿಯೂ ಗೊಂದಲವೇ. ಗೋಡೆ ನಕ್ಷೆಯಲ್ಲಿ ಎರಡು ಊರಿಗೂ ಗೆರೆ ಎಳೆದರೆ ಅದು ಹಿಂದೂ ಮಹಾಸಾಗರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ನಮ್ಮ ವಿಮಾನ ಹೋಗಿದ್ದು ಜಪಾನ್ ಕಡೆಯಿಂದ ಪೆಸಿಫಿಕ್ ಮೇಲೆ. ಹಾಗಾದರೆ ನಿಜವಾದ ದೂರ ಯಾವುದು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಅಳತೆಗೋಲು

ಮೊದಲ ಮೂರು ಅಂಕಿ ಒಂದೇ ದೂರ. ಅಳತೆ ಮಾತ್ರ ಬೇರೆ. 15,349 ಕಿಲೋಮೀಟರು, 9,537 ಸಾಮಾನ್ಯ ಮೈಲಿ, 8,288 ನಾಟಿಕಲ್ ಮೈಲಿ. ಸಾಮಾನ್ಯ ಮೈಲಿ 1.609 ಕಿ.ಮೀ., ನಾಟಿಕಲ್ ಮೈಲಿ 1.852 ಕಿ.ಮೀ. ಕೆಲವು ಪುಟಗಳು ಬರೀ ‘ಮೈಲಿ’ ಅಂತ ಬರೆದು ಬಿಡುತ್ತವೆ. ಯಾವ ಮೈಲಿ ಅಂತ ನೋಡಿಕೊಳ್ಳಲೇಬೇಕು, ಇಲ್ಲದಿದ್ದರೆ ಸಾವಿರಾರು ಕಿಲೋಮೀಟರು ಹೆಚ್ಚುಕಡಿಮೆ ಆಗುತ್ತದೆ.

ಪರದೆಯ 16 ಸಾವಿರದ ಕಥೆ ಬೇರೆ. ಅದನ್ನು ತಿಳಿದವರು ಹೇಳಲಿ.

ಹಳೆ_ಗ್ಲೋಬು

ನಕ್ಷೆ ಪಕ್ಕಕ್ಕಿಟ್ಟು ಒಂದು ಗ್ಲೋಬು, ಒಂದು ದಾರ ತಗೊಳ್ಳಿ. ಇದನ್ನು ಎಷ್ಟು ಓದಿದರೂ ಅರ್ಥವಾಗುವುದಿಲ್ಲ, ಕೈಯಲ್ಲಿ ಮಾಡಿದರೆ ಎರಡೇ ನಿಮಿಷ ಸಾಕು.

ದಾರದ ಒಂದು ತುದಿಯನ್ನು ಸಿಂಗಪುರದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ತುದಿ ನ್ಯೂಯಾರ್ಕಿನ ಮೇಲಿರಲಿ. ಮೊದಲು ನಿಮ್ಮ ಗೋಡೆ ನಕ್ಷೆಯಲ್ಲಿದ್ದ ಹಾಗೆ ಆಫ್ರಿಕಾ ಮೇಲೆ ದಾರ ಹಾಕಿ. ಈಗ ನ್ಯೂಯಾರ್ಕಿನ ತುದಿಯನ್ನು ನಿಧಾನಕ್ಕೆ ಬಿಗಿ ಮಾಡುತ್ತಾ ಬನ್ನಿ. ದಾರ ಅಲ್ಲಿ ನಿಲ್ಲುವುದಿಲ್ಲ. ಮೇಲಕ್ಕೆ ಜಾರುತ್ತದೆ. ಯುರೋಪು ದಾಟುತ್ತದೆ, ರಷ್ಯಾ ದಾಟುತ್ತದೆ, ಕೊನೆಗೆ ಉತ್ತರ ಧ್ರುವದ ಹತ್ತಿರ ಹೋಗಿ ಬಿಗಿಯಾಗಿ ನಿಲ್ಲುತ್ತದೆ. ಬೆರಳಿನ ಕೆಳಗೆ ಒಂದಿಷ್ಟು ದಾರ ಮಿಕ್ಕಿರುತ್ತದೆ. ಗೋಡೆ ನಕ್ಷೆಯ ಗೆರೆ ಎಷ್ಟು ಸುತ್ತು ಅನ್ನುವುದಕ್ಕೆ ಆ ಮಿಕ್ಕ ದಾರವೇ ಲೆಕ್ಕ.

ಆ ಬಿಗಿಯಾದ ದಾರಕ್ಕೆ ಮಹಾವೃತ್ತದ ದಾರಿ ಅಂತ ಹೆಸರು. ಉಂಡೆಯ ಮೇಲೆ ಎರಡು ಚುಕ್ಕೆಗಳ ನಡುವೆ ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಗೋಡೆ ನಕ್ಷೆಯದ್ದೂ ತಪ್ಪಲ್ಲ. ಹೆಚ್ಚಾಗಿ ಕಾಣಸಿಗುವ ನಮೂನೆಯನ್ನು ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಹಡಗು ನಡೆಸುವವರಿಗಾಗಿ ಮಾಡಿದ. ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಹೋದರೆ ಅವನ ನಕ್ಷೆಯಲ್ಲಿ ದಾರಿ ನೇರ ಗೆರೆ ಆಗುತ್ತದೆ. ಅದಕ್ಕಾಗಿ ಧ್ರುವದ ಕಡೆಯ ನೆಲವನ್ನು ಎಳೆದು ಹಿಗ್ಗಿಸಬೇಕಾಯಿತು. ಆಫ್ರಿಕಾ ಗ್ರೀನ್‌ಲ್ಯಾಂಡಿಗಿಂತ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಆ ನಕ್ಷೆಯಲ್ಲಿ ಎರಡೂ ಒಂದೇ ಸಮ ಕಾಣುತ್ತವೆ ನೋಡಿ.

ಕಿಟಕಿ_ಸೀಟು

ಅಣ್ಣನ ಮಗನ ಗ್ಲೋಬಿನ ಮೇಲೆ ಈಗಷ್ಟೇ ಮಾಡಿ ನೋಡಿದೆ. ದಾರ ನಿಜವಾಗಿಯೂ ಜಾರಿತು! ಆ ಹುಡುಗ ಇನ್ನೂ ಬಿಟ್ಟಿಲ್ಲ. ಸಿಡ್ನಿ, ಲಂಡನ್ ಅಂತ ಒಂದೊಂದೇ ಊರಿಗೆ ದಾರ ಹಾಕುತ್ತಾ ಕೂತಿದ್ದಾನೆ.

ಆದರೆ ಗೊಂದಲ ಜಾಸ್ತಿ ಆಯಿತು. ಹತ್ತಿರದ ದಾರಿ ಧ್ರುವದ ಮೇಲಿದ್ದರೆ ವಿಮಾನ ಪೆಸಿಫಿಕ್ ಮೇಲೆ ಯಾಕೆ ಬಂತು?

ಗಣಿತದ_ಮೇಡಂ

ಪೆಸಿಫಿಕ್ ಮೇಲೆ ಬರಲು ಕಾರಣ ಗಾಳಿ. ಆ ವಿಚಾರ ಬರುವ ಮುಂಚೆ ಲೆಕ್ಕ ಮುಗಿಸಿ ಬಿಡುತ್ತೇನೆ. ನನ್ನ ಒಂಬತ್ತನೇ ತರಗತಿ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ, ಯಾಕೆಂದರೆ ಈ ಎರಡು ಊರುಗಳ ಜೋಡಿ ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಚಾಂಗಿ ಇರುವುದು ಉತ್ತರ ಅಕ್ಷಾಂಶ 1.36 ಡಿಗ್ರಿ, ಪೂರ್ವ ರೇಖಾಂಶ 103.99 ಡಿಗ್ರಿಯಲ್ಲಿ. ಜೆಎಫ್‌ಕೆ ಉತ್ತರ 40.64, ಪಶ್ಚಿಮ 73.78. ರೇಖಾಂಶಗಳನ್ನು ಕೂಡಿಸಿ: 177.77. ಭೂಮಿಯ ಅರ್ಧ ಸುತ್ತು 180. ಅಂದರೆ ಇವೆರಡೂ ಹೆಚ್ಚುಕಡಿಮೆ ಎದುರುಬದುರು ರೇಖಾಂಶದಲ್ಲಿವೆ. ಎದುರುಬದುರು ಇದ್ದರೆ ಹತ್ತಿರದ ದಾರಿ ಧ್ರುವದ ಮೇಲೇ ಹೋಗಬೇಕು.

ಚಾಂಗಿಯಿಂದ ಧ್ರುವಕ್ಕೆ 90ರಿಂದ 1.36 ಕಳೆದರೆ 88.64 ಡಿಗ್ರಿ. ಧ್ರುವದಿಂದ ಜೆಎಫ್‌ಕೆಗೆ 90ರಿಂದ 40.64 ಕಳೆದರೆ 49.36. ಒಟ್ಟು 138 ಡಿಗ್ರಿ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಹಿಡಿದರೆ ಒಂದು ಡಿಗ್ರಿಗೆ 111.195 ಕಿ.ಮೀ. ಗುಣಿಸಿ: 15,345 ಕಿ.ಮೀ. ಕೂಡುವುದು, ಕಳೆಯುವುದು, ಒಂದು ಗುಣಾಕಾರ. ಅಷ್ಟೇ!

ಎರಡು ರೇಖಾಂಶ ಪೂರ್ತಿ ಎದುರುಬದುರು ಇಲ್ಲವಲ್ಲ, ಅದಕ್ಕೆ ಗೋಳದ ಮೇಲಿನ ದೂರ ತೆಗೆಯುವ ಹ್ಯಾವರ್ಸೈನ್ ಸೂತ್ರ ಹಾಕಿದರೆ 137.95 ಡಿಗ್ರಿ ಬರುತ್ತದೆ. ಅಂದರೆ ಸುಮಾರು 15,340 ಕಿ.ಮೀ. ಬಿಗಿಯಾದ ದಾರ ಧ್ರುವದಿಂದ ಸುಮಾರು 280 ಕಿ.ಮೀ. ಪಕ್ಕದಲ್ಲಿ ಹಾದು ಹೋಗುತ್ತದೆ. ಥಾಯ್ಲೆಂಡ್, ಲಾವೋಸ್, ಚೀನಾ, ಮಂಗೋಲಿಯಾ, ಸೈಬೀರಿಯಾ, ಹಿಮಸಾಗರ, ಆಮೇಲೆ ಕೆನಡಾದ ಬ್ಯಾಫಿನ್ ದ್ವೀಪ, ಕ್ವಿಬೆಕ್, ನ್ಯೂಯಾರ್ಕ್.

ಗೋಡೆ ನಕ್ಷೆಯ ನೇರ ಗೆರೆ ಹಿಡಿದು ಹೋದರೆ ಎಷ್ಟಾಗುತ್ತದೆ ಅಂತಲೂ ಲೆಕ್ಕ ಹಾಕಿದೆ. ಸುಮಾರು 18,500 ಕಿ.ಮೀ. ಮೂರು ಸಾವಿರಕ್ಕೂ ಜಾಸ್ತಿ ಸುತ್ತು.

ಅಳತೆಗೋಲು

ಮೇಡಂ, 15,340ಕ್ಕೂ 15,349ಕ್ಕೂ ಒಂಬತ್ತು ಕಿಲೋಮೀಟರು ವ್ಯತ್ಯಾಸ ಇದೆಯಲ್ಲ?

ಗಣಿತದ_ಮೇಡಂ

ಒಳ್ಳೆಯ ಪ್ರಶ್ನೆ. ಭೂಮಿ ಪೂರ್ತಿ ಗುಂಡಗಿಲ್ಲ. ನಡುವೆ ಉಬ್ಬಿದೆ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಹ್ಯಾವರ್ಸೈನ್ ಸೂತ್ರ ಭೂಮಿಯನ್ನು ಪೂರ್ತಿ ಗೋಳ ಅಂತಲೇ ಹಿಡಿಯುತ್ತದೆ. ಅದರಲ್ಲಿ ಶೇಕಡಾ ಅರ್ಧದಷ್ಟು ತಪ್ಪು ಬರಬಹುದು. ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್-84 ಮಾದರಿ ಈ ಉಬ್ಬನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ. ಅದರ ಮೇಲೆ ದೂರ ತೆಗೆಯಲು ವಿನ್ಸೆಂಟಿ 1975ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಚಾಲ್ತಿಯಲ್ಲಿದೆ. ಒಂಬತ್ತು ಕಿಲೋಮೀಟರು ಬಂದಿದ್ದು ಆ ಉಬ್ಬಿನಿಂದ.

ಮೋಡದ_ಮೇಲೆ

ಒಂದು ಅನುಮಾನ. ಈ ದೂರ ನೆಲದ ಮೇಲಿನದ್ದು ತಾನೇ? ವಿಮಾನ ಹಾರುವುದು ಹನ್ನೊಂದು ಕಿ.ಮೀ. ಎತ್ತರದಲ್ಲಿ. ಅಲ್ಲಿ ವೃತ್ತ ದೊಡ್ಡದಾಗುತ್ತದಲ್ವಾ? 16 ಸಾವಿರ ಆಗಿದ್ದು ಅದಕ್ಕೇ ಇರಬೇಕು.

ಗಣಿತದ_ಮೇಡಂ

ದೊಡ್ಡದಾಗುತ್ತದೆ, ಆದರೆ ಅಷ್ಟಲ್ಲ. 6,371ಕ್ಕೆ 11 ಸೇರಿದರೆ ಸಾವಿರಕ್ಕೆ ಎರಡರಷ್ಟೂ ಹೆಚ್ಚುವುದಿಲ್ಲ. ಇಡೀ ದಾರಿಗೆ ಸುಮಾರು 26 ಕಿ.ಮೀ. ಮಾತ್ರ.

ರೂಟ್_ಶೀಟು

ನಾನು ಹದಿನಾಲ್ಕು ವರ್ಷ ಫ್ಲೈಟ್ ಡಿಸ್ಪ್ಯಾಚ್ ಕೆಲಸದಲ್ಲಿದ್ದೆ. ವಿಮಾನ ಹೊರಡುವ ಮುಂಚೆ ಅದರ ದಾರಿ, ಇಂಧನ ಲೆಕ್ಕ ಹಾಕುವುದು ನಮ್ಮ ಕೆಲಸ. ಈ ಪ್ರಶ್ನೆ ಕೇಳಿ ಬಹಳ ಸಂತೋಷ ಆಯಿತು, ಯಾಕೆಂದರೆ ನಮ್ಮ ಕೆಲಸ ಇರುವುದೇ ಈ 15,349ಕ್ಕೂ 16 ಸಾವಿರಕ್ಕೂ ನಡುವಿನ ಜಾಗದಲ್ಲಿ.

ವಿಮಾನ ನೆಲದ ಮೇಲೆ ಹೋಗುವುದಿಲ್ಲ. ಗಾಳಿಯಲ್ಲಿ ಹೋಗುತ್ತದೆ. ಆ ಗಾಳಿಯೇ ಹರಿಯುತ್ತಿರುತ್ತದೆ. ನದಿ ದಾಟುವ ದೋಣಿಯನ್ನು ನೆನೆಸಿಕೊಳ್ಳಿ. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಓಡುವ ಕಿರಿದಾದ ಗಾಳಿಹೊಳೆಗಳಿವೆ. ಜೆಟ್ ಸ್ಟ್ರೀಮ್ ಅಂತೇವೆ. ಚಳಿಗಾಲದಲ್ಲಿ ಜಪಾನಿನ ಹತ್ತಿರ ಅದರ ಜೋರು ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು.

ಈಗ ಲೆಕ್ಕ ನೋಡಿ. ವಿಮಾನದ ವೇಗ ನಿಂತ ಗಾಳಿಯಲ್ಲಿ ಗಂಟೆಗೆ 900 ಕಿ.ಮೀ. ಅಂತಿಟ್ಟುಕೊಳ್ಳಿ. ಧ್ರುವದ ದಾರಿ 15,340 ಕಿ.ಮೀ. ಗಾಳಿಯ ಸಹಾಯ ಏನೂ ಇಲ್ಲ. ಹದಿನೇಳು ಗಂಟೆ ಬೇಕು. ಪೆಸಿಫಿಕ್ ದಾರಿ 16,500 ಕಿ.ಮೀ. ಅಂತ ಹಿಡಿಯಿರಿ, ಆದರೆ ಹಿಂದಿನಿಂದ ಸರಾಸರಿ 100 ಕಿ.ಮೀ. ಗಾಳಿ ತಳ್ಳುತ್ತದೆ. ಹದಿನಾರೂವರೆ ಗಂಟೆಗೆ ಮುಗಿಯಿತು. ಸಾವಿರದ ಚಿಲ್ಲರೆ ಕಿಲೋಮೀಟರು ಸುತ್ತಿಯೂ ಅರ್ಧ ಗಂಟೆ ಮುಂಚೆ. ಅರ್ಧ ಗಂಟೆ ಅಂದರೆ ಟನ್ನುಗಟ್ಟಲೆ ಇಂಧನ.

ನಮ್ಮ ಕಾಗದದಲ್ಲಿ ಎರಡು ದೂರ ಇರುತ್ತವೆ. ನೆಲದ ಮೇಲಿನ ದೂರ ಒಂದು, ಗಾಳಿಯೊಳಗೆ ಸಾಗುವ ದೂರ ಇನ್ನೊಂದು. ನಮ್ಮ ಕಣ್ಣು ಯಾವಾಗಲೂ ಎರಡನೆಯದರ ಮೇಲೆ. ಇಂಧನ ಉರಿಯುವುದು ಅದಕ್ಕೆ.

ಇದಕ್ಕೆ ದೊಡ್ಡ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ. ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಅದನ್ನು ಪೆಸಿಫಿಕ್ ಕಡೆಗೆ ತಿರುಗಿಸಿತು. ದೂರ 15,300 ಕಿ.ಮೀ.ಗೆ ಏರಿತು. ಸಮಯ ಮಾತ್ರ ಎರಡು ಗಂಟೆಯಷ್ಟು ಇಳಿದು ಹದಿನಾಲ್ಕೂವರೆ ಗಂಟೆಗೆ ಬಂತು. ಅವತ್ತು ಆ ಸುದ್ದಿ ಓದಿದಾಗ ನಮ್ಮ ಆಫೀಸಿನಲ್ಲಿ ಇಡೀ ದಿನ ಅದೇ ಮಾತು.

ಮೋಡದ_ಮೇಲೆ

2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸಿನ 747 ಒಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷದಲ್ಲಿ ಹೋಯಿತಲ್ಲ, ಅದೂ ಇದೇ ಗಾಳಿಯೇ?

ರೂಟ್_ಶೀಟು

ಅದೇ. ಸಿಯಾರಾ ಚಂಡಮಾರುತದ ಸಮಯ. ನೆಲಕ್ಕೆ ಹೋಲಿಸಿದರೆ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಆದರೂ ಅದು ಶಬ್ದದ ವೇಗ ಮೀರಲಿಲ್ಲ. ತನ್ನ ಸುತ್ತಲಿನ ಗಾಳಿಯಲ್ಲಿ ಅದು ಎಂದಿನ ವೇಗದಲ್ಲೇ ಹೋಗುತ್ತಿತ್ತು, ಗಾಳಿಯೇ ಅದನ್ನು ಹೊತ್ತುಕೊಂಡು ಓಡಿತು.

ಅಟ್ಲಾಂಟಿಕ್ ಮೇಲೆ ಇದಕ್ಕಾಗಿಯೇ ದಿನಾ ಹೊಸ ದಾರಿಗಳನ್ನು ಹಾಕುತ್ತಾರೆ. ಕೆನಡಾದ ಗ್ಯಾಂಡರ್, ಯುರೋಪು ಕಡೆಯ ಶ್ಯಾನ್‌ವಿಕ್ ಎರಡು ನಿಯಂತ್ರಣ ಕೇಂದ್ರಗಳು ಗಾಳಿ ನೋಡಿ ಪ್ರಕಟಿಸುತ್ತವೆ. ನಿನ್ನೆಯ ದಾರಿ ಇವತ್ತು ಇರುವುದಿಲ್ಲ.

ಉತ್ತರದ_ನಕ್ಷತ್ರ

ಗಾಳಿ ಒಂದೇ ಕಾರಣ ಅಲ್ಲ. ಯಾರ ನೆಲದ ಮೇಲೆ ಹಾರಲು ಬಿಡುತ್ತಾರೆ ಅನ್ನುವುದೂ ದೂರವನ್ನು ತೀರ್ಮಾನಿಸುತ್ತದೆ. ನನಗೆ ಬಹಳ ಇಷ್ಟದ ವಿಷಯ ಇದು, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ಶೀತಲ ಸಮರದ ಕಾಲದಲ್ಲಿ ಸೋವಿಯತ್ ಆಕಾಶ ಹೊರಗಿನವರಿಗೆ ಮುಚ್ಚಿತ್ತು. ಯುರೋಪಿನಿಂದ ಟೋಕಿಯೊಗೆ ಹೋಗಬೇಕಾದರೆ ದಕ್ಷಿಣದಲ್ಲಿ ಏಷ್ಯಾದ ಊರೂರು ಸುತ್ತಬೇಕಿತ್ತು. 1957ರ ಫೆಬ್ರವರಿ 24ರಂದು ಸ್ಕ್ಯಾಂಡಿನೇವಿಯಾದ ವಿಮಾನ ಕಂಪನಿ ಎಸ್‌ಎಎಸ್ ಕೋಪನ್‌ಹೇಗನ್ನಿನಿಂದ ಧ್ರುವದ ಕಡೆಯಿಂದ ಹಾರಿ, ಅಲಾಸ್ಕಾದ ಆಂಕರೇಜಿನಲ್ಲಿ ಇಂಧನ ತುಂಬಿಸಿ, ಟೋಕಿಯೊ ತಲುಪುವ ಸೇವೆ ಶುರು ಮಾಡಿತು. ಬಳಸಿದ್ದು ಪ್ರೊಪೆಲ್ಲರಿನ ಡಿಸಿ-7ಸಿ ವಿಮಾನ. ಧ್ರುವದ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನಂಬುವ ಹಾಗಿಲ್ಲ. ಕಾಂತೀಯ ಧ್ರುವ ಪಕ್ಕದಲ್ಲೇ ಇರುತ್ತದೆ. ಗೈರೋ ಉಪಕರಣ, ಬಿಸಿಲು, ನಕ್ಷತ್ರ ನೋಡಿ ದಾರಿ ಹಿಡಿಯುತ್ತಿದ್ದರು. ಅಷ್ಟು ಧೈರ್ಯದ ಕೆಲಸ ಅದು. ಆಮೇಲೆ ಎಷ್ಟೋ ವರ್ಷ ಆಂಕರೇಜ್ ಅಂದರೆ ಯುರೋಪು–ಜಪಾನ್ ವಿಮಾನಗಳ ತಂಗುದಾಣ ಅಂತಲೇ ಆಗಿತ್ತು.

ಸೈಬೀರಿಯಾದ ಆಕಾಶ ತೆರೆದ ಮೇಲೆ ಹೆಲ್ಸಿಂಕಿ–ಟೋಕಿಯೊ ಒಂಬತ್ತೂವರೆ ಗಂಟೆಯ ಆಸುಪಾಸಿಗೆ ಬಂತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಆ ಬಾಗಿಲು ಮತ್ತೆ ಮುಚ್ಚಿತು. ಫಿನ್ಲೆಂಡಿನ ವಿಮಾನ ಕಂಪನಿ ಫಿನ್‌ಏರ್ ಪುನಃ ಧ್ರುವದ ದಾರಿ ಹಿಡಿಯಬೇಕಾಯಿತು. ಪ್ರಯಾಣ ಈಗ ಹದಿಮೂರು ಗಂಟೆಯಷ್ಟು. ಎರಡು ನಿಲ್ದಾಣಗಳೂ ಇದ್ದಲ್ಲೇ ಇವೆ, ಮಹಾವೃತ್ತದ ದೂರ ಒಂದು ಕಿಲೋಮೀಟರೂ ಬದಲಾಗಿಲ್ಲ.

ಧ್ರುವದ ದಾರಿಗೆ ತನ್ನದೇ ಕಷ್ಟಗಳಿವೆ. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರು. ಹೊರಗಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದು. ಅದಕ್ಕೆ ಪೈಲಟ್‌ಗಳು ರೆಕ್ಕೆಯೊಳಗಿನ ಇಂಧನದ ಉಷ್ಣತೆ ನೋಡುತ್ತಲೇ ಇರುತ್ತಾರೆ. ಬೇಕಾದರೆ ಕೆಳಗಿಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ರೂಟ್_ಶೀಟು

ನಕ್ಷತ್ರ ಅವರೇ, ಚೆನ್ನಾಗಿ ಹೇಳಿದಿರಿ. ಇನ್ನೊಂದು ಮಾತು ಸೇರಿಸುತ್ತೇನೆ. ಎರಡು ಎಂಜಿನ್ನಿನ ವಿಮಾನದಲ್ಲಿ ಒಂದು ಎಂಜಿನ್ ನಿಂತು ಹೋದರೆ, ಉಳಿದ ಒಂದರಲ್ಲೇ ಇಷ್ಟು ನಿಮಿಷದೊಳಗೆ ಒಂದು ನಿಲ್ದಾಣ ಸಿಗಬೇಕು ಅಂತ ನಿಯಮ ಇದೆ. ಎಟಾಪ್ಸ್ ಅಂತೇವೆ. 1985ರಲ್ಲಿ 120 ನಿಮಿಷಕ್ಕೆ ಅನುಮತಿ ಸಿಕ್ಕಾಗ ಅದೇ ದೊಡ್ಡ ವಿಷಯ. ಏರ್‌ಬಸ್ ಎ350 ವಿಮಾನಕ್ಕೆ 2014ರಲ್ಲಿ 370 ನಿಮಿಷದವರೆಗೂ ಒಪ್ಪಿಗೆ ಸಿಕ್ಕಿತು. ಆದ್ದರಿಂದ ಈಗ ಸಾಗರದ ನಡುವೆ ದಾರಿಯನ್ನು ಜಾಸ್ತಿ ಬಗ್ಗಿಸಬೇಕಾಗಿಲ್ಲ. ಸಿಡ್ನಿ–ಸ್ಯಾಂಟಿಯಾಗೊ ದಾರಿಗೆ ದಾರ ಹಾಕಿ ನೋಡಿ, ಅಂಟಾರ್ಕ್ಟಿಕಾ ಕಡೆಗೆ ಎಷ್ಟು ಬಾಗುತ್ತದೆ ಅಂತ.

ಕಿಟಕಿ_ಸೀಟು

ಹುಡುಗ ಆಗಲೇ ಹಾಕಿ ನೋಡಿದ್ದಾನೆ. ನನ್ನನ್ನು ಕೂಗಿ ಕರೆದು ತೋರಿಸಿದ.

ಬ್ಯಾಗು_ಭಾರ

ನಿಮ್ಮ ಚರ್ಚೆ ಓದಿ ನನ್ನ ಒಂದು ಹಳೆಯ ನೋವು ನೆನಪಾಯಿತು. ಯುರೋಪಿನಲ್ಲಿ ಒಂದು ಸಲ ನನ್ನ ವಿಮಾನ ಐದು ಗಂಟೆ ತಡವಾಯಿತು. ನಡುವೆ ಒಂದು ಊರಿನಲ್ಲಿ ಇಳಿದು ಹತ್ತುವ ಪ್ರಯಾಣ. ನಾನು ಎರಡೂ ತುಂಡುಗಳ ದೂರ ಕೂಡಿಸಿ ಪರಿಹಾರ ಕೇಳಿದೆ. ಅವರು ಕೊಟ್ಟಿದ್ದು ಕಡಿಮೆ. ಮೋಸ ಆಯಿತು ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ಯಾವ ದೂರ ಲೆಕ್ಕಕ್ಕೆ ಬರುತ್ತದೆ?

ಅಳತೆಗೋಲು

ಮೋಸ ಅಲ್ಲ, ಕಾನೂನೇ ಹಾಗಿದೆ. ಅಲ್ಲಿಯ 261/2004 ನಿಯಮದಲ್ಲಿ 1,500 ಕಿ.ಮೀ.ವರೆಗೆ 250 ಯೂರೊ, ಅದರ ಮೇಲೆ 400, ದೂರದ ಪ್ರಯಾಣಕ್ಕೆ 600. ದೂರವನ್ನು ಮಹಾವೃತ್ತದ ವಿಧಾನದಲ್ಲೇ ಅಳೆಯಬೇಕು ಅಂತ ನಿಯಮದಲ್ಲೇ ಬರೆದಿದೆ.

ನಿಮ್ಮಂಥದ್ದೇ ಒಂದು ಪ್ರಕರಣ 2017ರಲ್ಲಿ ಯುರೋಪಿನ ನ್ಯಾಯಾಲಯಕ್ಕೆ ಹೋಗಿತ್ತು. ರೋಮಿನಿಂದ ಬ್ರಸೆಲ್ಸ್ ಮೂಲಕ ಹ್ಯಾಂಬರ್ಗಿಗೆ. ಹಾರಿದ ದೂರ 1,656 ಕಿ.ಮೀ. ರೋಮಿನಿಂದ ಹ್ಯಾಂಬರ್ಗಿಗೆ ನೇರವಾಗಿ 1,326. ನೇರ ದೂರ ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತ ತೀರ್ಪು ಬಂತು. ಹಾಗಾಗಿ 400 ಅಲ್ಲ, 250. ತಡವಾದಾಗ ಆಗುವ ತೊಂದರೆ ಸುತ್ತಿ ಬಂದವರಿಗೂ ನೇರವಾಗಿ ಬಂದವರಿಗೂ ಒಂದೇ ಅನ್ನುವುದು ಅದರ ಹಿಂದಿನ ವಿಚಾರ. ನನಗೆ ಅದು ನ್ಯಾಯ ಅನ್ನಿಸುತ್ತದೆ.

ವಿಮಾನ ಉಗುಳುವ ಇಂಗಾಲದ ಲೆಕ್ಕದಲ್ಲಿ ಮಾತ್ರ ಸುತ್ತಿಗೂ ಜಾಗ ಕೊಟ್ಟಿದ್ದಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕ್ಯಾಲ್ಕುಲೇಟರ್ 5,500 ಕಿ.ಮೀ. ಮೀರಿದ ಪ್ರಯಾಣಕ್ಕೆ ಮಹಾವೃತ್ತದ ದೂರದ ಮೇಲೆ 125 ಕಿ.ಮೀ. ಸೇರಿಸುತ್ತದೆ.

ಬ್ಯಾಗು_ಭಾರ

ಇಷ್ಟು ವರ್ಷ ಸುಮ್ನೆ ಬೇಜಾರು ಮಾಡಿಕೊಂಡಿದ್ದೆ. ತುಂಬಾ ಥ್ಯಾಂಕ್ಸ್.

ಮೋಡದ_ಮೇಲೆ

ಹಾಗಾದರೆ ಭೂಮಿಯ ಮೇಲೆ ಎರಡು ನಿಲ್ದಾಣಗಳ ನಡುವೆ ಇರಬಹುದಾದ ಅತಿ ಹೆಚ್ಚಿನ ದೂರ ಎಷ್ಟು?

ಗಣಿತದ_ಮೇಡಂ

ಅರ್ಧ ಸುತ್ತು. ಸುಮಾರು 20,000 ಕಿ.ಮೀ. ಅದಕ್ಕಿಂತ ದೂರ ಹೋದರೆ ಇನ್ನೊಂದು ಕಡೆಯಿಂದ ಹತ್ತಿರ ಆಗುತ್ತದೆ. ಸ್ಪೇನಿನ ಎದುರು ನ್ಯೂಜಿಲೆಂಡ್ ಬರುತ್ತದೆ. ಮ್ಯಾಡ್ರಿಡ್, ವೆಲಿಂಗ್ಟನ್ ನಿಲ್ದಾಣಗಳ ಜೋಡಿ ಆ ಮಿತಿಗೆ ಬಹಳ ಹತ್ತಿರ. ಅಲ್ಲಿ ದಾರ ಹಾಕಿದರೆ ಎಲ್ಲೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಯಾವ ಕಡೆ ತಿರುಗಿಸಿದರೂ ಉದ್ದ ಹೆಚ್ಚುಕಡಿಮೆ ಅಷ್ಟೇ.

ರೂಟ್_ಶೀಟು

ಅಷ್ಟು ದೂರ ವಿಮಾನ ಹಾರಲಾರದು ಅಂತಿಲ್ಲ. 2005ರ ನವೆಂಬರಿನಲ್ಲಿ ಬೋಯಿಂಗ್ 777-200ಎಲ್‌ಆರ್ ಹಾಂಗ್‌ಕಾಂಗಿನಿಂದ ಪೂರ್ವಕ್ಕೆ ಹಾರಿ, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್ ದಾಟಿ ಲಂಡನ್ ಮುಟ್ಟಿತು. 21,602 ಕಿ.ಮೀ., 22 ಗಂಟೆ 42 ನಿಮಿಷ. ಆದರೆ ಒಳಗಿದ್ದವರು ಕೆಲವೇ ಜನ.

ಕಷ್ಟ ಇರುವುದು ತುಂಬಿದ ವಿಮಾನವನ್ನು ದಿನಾ ಹಾರಿಸುವುದರಲ್ಲಿ. ದೂರ ಹೋಗಲು ಇಂಧನ ಬೇಕು. ಆ ಇಂಧನ ಹೊರಲು ಮತ್ತಷ್ಟು ಇಂಧನ ಬೇಕು. ಸಿಂಗಪುರದಿಂದ ನ್ಯೂಯಾರ್ಕಿನ ಪಕ್ಕದ ನ್ಯೂವಾರ್ಕ್ ನಿಲ್ದಾಣಕ್ಕೆ ಸಿಂಗಪುರ್ ಏರ್‌ಲೈನ್ಸಿನ ಸೇವೆ 2004ರಲ್ಲಿ ನಾಲ್ಕು ಎಂಜಿನ್ನಿನ ಎ340-500ರಲ್ಲಿ ಶುರುವಾಗಿ 2013ರಲ್ಲಿ ನಿಂತು ಹೋಗಿದ್ದು ಇದೇ ಕಾರಣಕ್ಕೆ. 2018ರಲ್ಲಿ ಎರಡು ಎಂಜಿನ್ನಿನ ಎ350-900ಯುಎಲ್‌ಆರ್ ಬಂದ ಮೇಲೆ ಪುನಃ ಶುರುವಾಯಿತು. 2020ರ ನವೆಂಬರಿನಿಂದ ನೀವು ಬಂದ ಜೆಎಫ್‌ಕೆ ಸೇವೆ. ಎ350-900ಯುಎಲ್‌ಆರ್‌ನಲ್ಲಿ 1,65,000 ಲೀಟರು ಇಂಧನ ಹಿಡಿಯುತ್ತದೆ, ಸೀಟು 161 ಮಾತ್ರ. ನ್ಯೂವಾರ್ಕ್ ಸೇವೆ ಶುರು ಮಾಡುವಾಗ ಆ ಕಂಪನಿಯೇ ಸಾಗುವ ದೂರವನ್ನು ಸುಮಾರು 16,700 ಕಿ.ಮೀ. ಅಂತ ಹೇಳಿತ್ತು. ಮಹಾವೃತ್ತದ ದೂರ 15,344. ನಿಮ್ಮ ಪರದೆಯ ಅಂಕಿ ಸರಿಯಾಗಿಯೇ ಇದೆ.

ಕಿಟಕಿ_ಸೀಟು

ಎಲ್ಲರಿಗೂ ಮನಸಾರೆ ಧನ್ಯವಾದ. ಈಗ ಅರ್ಥವಾಯಿತು. ಕೊನೆಯದಾಗಿ ಒಂದು. ಮುಂದಿನ ಗುರುವಾರ ವಾಪಸು ಹೊರಡುತ್ತೇನೆ. ಪೆಸಿಫಿಕ್ ಮೇಲೆ ಬರುವಾಗ ಹಿಂದಿನಿಂದ ತಳ್ಳಿದ ಗಾಳಿ, ಅದೇ ದಾರಿಯಲ್ಲಿ ಹೋಗುವಾಗ ಎದುರಿಗೆ ಬಡಿಯುತ್ತದಲ್ವಾ? ಹಾಗಾದರೆ ಧ್ರುವದ ಮೇಲೆ ಹೋಗುತ್ತದಾ?

ರೂಟ್_ಶೀಟು

ಅದನ್ನು ಹೊರಡುವ ಕೆಲವು ಗಂಟೆ ಮುಂಚೆ, ಅವತ್ತಿನ ಗಾಳಿ ನೋಡಿ ತೀರ್ಮಾನಿಸುತ್ತಾರೆ. ಆದರೆ ಇನ್ನೊಂದು ದಾರಿಯೂ ಇದೆ. ನ್ಯೂಯಾರ್ಕಿನಿಂದ ಮತ್ತೆ ಪೂರ್ವಕ್ಕೇ ಹಾರುವುದು. ಅಟ್ಲಾಂಟಿಕ್, ಯುರೋಪು ದಾಟಿ ಏಷ್ಯಾ ಮೇಲೆ ಇಳಿದು ಸಿಂಗಪುರ. ಗಾಳಿ ಆಗಲೂ ಬೆನ್ನಿಗೇ. ಎಷ್ಟೋ ಸಲ ಹಾಗೇ ಹೋಗುತ್ತದೆ.

ಗಣಿತದ_ಮೇಡಂ

ಹಾಗೆ ಹೋದರೆ ನಿಮ್ಮದು ಭೂಮಿಗೆ ಒಂದು ಪೂರ್ತಿ ಸುತ್ತು ಆಗುತ್ತದೆ!

ಕಿಟಕಿ_ಸೀಟು

ಹುಡುಗನಿಗೆ ಹೇಳಿದೆ. ಗ್ಲೋಬಿಗೆ ದಾರ ಒಂದು ಸುತ್ತು ಸುತ್ತಿ, ಎರಡು ತುದಿಯನ್ನೂ ಸಿಂಗಪುರದ ಮೇಲೆ ಗಂಟು ಹಾಕಿ ಇಟ್ಟಿದ್ದಾನೆ. ಗುರುವಾರ ರಾತ್ರಿ ವಿಮಾನ ಎದ್ದ ಮೇಲೆ ಪರದೆ ನೋಡುತ್ತೇನೆ. ಯಾವ ಕಡೆ ತಿರುಗಿತು ಅಂತ ಇಳಿದ ಮೇಲೆ ಇಲ್ಲೇ ಬರೆಯುತ್ತೇನೆ.